ಎರಡನೇ ಭಾಗದಲ್ಲಿ ಗುಂಡಣ್ಣ

ಅಂಗಡಿಯ ಶಟರ್ ಎತ್ತಿ, ಗಣೇಶನ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದಾಗ ಮುನಿಸ್ವಾಮಿಯ ಫೋನು ಬಡಿದುಕೊಂಡಿತು.

"ಸರ್, ಅಭಿರಾಮ್ ಸರ್ ಆಫೀಸಿಂದ ಮಾತಾಡ್ತಿರೋದು. 'ತ್ರಿಶಂಕು ನಿಲ್ದಾಣ' ಪಾರ್ಟ್ ಟೂ ಶುರು ಆಗ್ತಿದೆ. ಅದಕ್ಕೆ ನಿಮ್ದೊಂದು ಫೋಟೋ ಬೇಕಿತ್ತು."

ಮುನಿಸ್ವಾಮಿ ಊದುಬತ್ತಿಯನ್ನು ಗಣೇಶನ ಮುಂದೆ ಚುಚ್ಚುವ ಬದಲು ಪೆನ್ನಿನ ಸ್ಟ್ಯಾಂಡಿಗೆ ಚುಚ್ಚಿ, "ಎಂಥ ಫೋಟೋ ಬೇಕಮ್ಮಾ? ಫೈಟ್ ಮಾಡೋ ಥರ ಬೇಕಾ?" ಎಂದು ಕೇಳಿದ.

"ಅಯ್ಯೋ, ಇಲ್ಲ ಸರ್. ಎದೆ ಮಟ್ಟಕ್ಕೆ ಸಾಕು. ನೇರವಾಗಿ ನೋಡ್ತಿರಬೇಕು. ಹಿಂದ್ಗಡೆ ಪ್ಲೇನ್ ಇರ್ಲಿ. ಮುಖದಲ್ಲಿ ಸ್ವಲ್ಪ ಶಾಂತಿ ಇದ್ರೆ ಒಳ್ಳೇದು."

ಚಾಮರಾಜಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುತ್ತ ಮುನಿಸ್ವಾಮಿ ಅರ್ಧ ಆಯುಸ್ಸು ಕಳೆದಿದ್ದಾನೆ. ಎದೆ ಮಟ್ಟ, ನೇರ ನೋಟ, ಖಾಲಿ ಹಿನ್ನೆಲೆ, ಶಾಂತ ಮುಖ. ಇಂಥ ಫೋಟೋ ಹಿಡಿದು ಅವನ ಅಂಗಡಿಗೆ ಬರುವವರು ಸಾಮಾನ್ಯವಾಗಿ ತಲೆ ಬೋಳಿಸಿಕೊಂಡಿರುತ್ತಾರೆ. ಬೇರೆ ಯಾರದೇ ಫೋಟೋ ಆಗಿದ್ದರೂ ಆ ಹುಡುಗಿ ಮಾತು ಮುಗಿಸುವ ಮೊದಲೇ ಅವನು ಕಪ್ಪು ಪಟ್ಟಿಯ ಕಡೆ ಕೈ ಚಾಚಿರುತ್ತಿದ್ದ. ಆದರೆ ಇದು ಅವನದೇ ಫೋಟೋ. ತನ್ನ ವಿಷಯ ಬಂದಾಗ ಮನುಷ್ಯನ ಕಸುಬಿನ ಬುದ್ಧಿ ರಜೆ ಹಾಕಿ ಹೋಗಿಬಿಡುತ್ತದೆ. ಪೋಸ್ಟರಿಗೇ ಇರಬೇಕು ಎಂದುಕೊಂಡ ಮುನಿಸ್ವಾಮಿ. ಅದೂ ದೊಡ್ಡ ಪೋಸ್ಟರಿಗೆ.

ಅವನು ನಟನಾದದ್ದೇ ಒಂದು ಕಥೆ. ಕೆಲವು ವರ್ಷಗಳ ಹಿಂದೆ ಬಿನ್ನಿಪೇಟೆಯ ಖಾಲಿ ಗೋಡೌನೊಂದಕ್ಕೆ ಬೆಳ್ಳಿಯ ಹಾಳೆ ಅಂಟಿಸಿ, ಅಲ್ಲಲ್ಲಿ ನೀಲಿ ದೀಪ ಹಾಕಿ, ಅದು ಭೂಮಿಯಿಂದ ಎಷ್ಟೋ ಲಕ್ಷ ಮೈಲಿ ದೂರದಲ್ಲಿದೆ ಎಂದು ಎಲ್ಲರೂ ಒಪ್ಪಿಕೊಂಡು 'ತ್ರಿಶಂಕು ನಿಲ್ದಾಣ'ದ ಚಿತ್ರೀಕರಣ ನಡೆಸುತ್ತಿದ್ದರು. ಗೋಡೆಗೆ ತೂಗುಹಾಕಲು ಗ್ರಹಗಳ ಪಟ ಬೇಕಾಗಿತ್ತು. ಕಟ್ಟು ಹಾಕಿಕೊಟ್ಟವನು ಮುನಿಸ್ವಾಮಿ. ಪಟಗಳನ್ನು ಆಟೋದಲ್ಲಿ ತಂದು ಇಳಿಸುತ್ತಿದ್ದಾಗ, ನಿಲ್ದಾಣದಲ್ಲಿ ಆಮ್ಲಜನಕದ ಸಿಲಿಂಡರು ನೋಡಿಕೊಳ್ಳುವ ಗುಂಡಣ್ಣನ ಪಾತ್ರದವರು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆಂದು ಸುದ್ದಿ ಬಂತು. ಅವರಿಗೆಂದು ಹೊಲಿಸಿದ ಬೆಳ್ಳಿ ಉಡುಪಿಗೆ ತಕ್ಕ ಹೊಟ್ಟೆ ಅಲ್ಲಿದ್ದವರಲ್ಲಿ ಮುನಿಸ್ವಾಮಿಗೆ ಮಾತ್ರ ಇತ್ತು. ನಿರ್ದೇಶಕ ಅಭಿರಾಮ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಸರ್, ಒಂದು ಡೈಲಾಗ್ ಹೇಳ್ತೀರಾ?" ಎಂದ.

ಆ ಒಂದು ಡೈಲಾಗು ಹೀಗಿತ್ತು: "ಗಾಳಿ ತುಂಬ್ಸಿದೀನಿ ಸ್ವಾಮಿ, ಧೈರ್ಯವಾಗಿ ಹೋಗ್ಬನ್ನಿ."

ನಾಯಕ ಅಂತರಿಕ್ಷಕ್ಕೆ ಜಿಗಿಯುವ ಮುನ್ನ ಗುಂಡಣ್ಣ ಅವನ ಬೆನ್ನಿಗೆ ಸಿಲಿಂಡರು ಕಟ್ಟಿ, ಹಸುವಿನ ಬೆನ್ನು ತಟ್ಟುವಂತೆ ತಟ್ಟಿ ಈ ಮಾತು ಹೇಳಿದಾಗ ಥಿಯೇಟರಿನಲ್ಲಿ ಸೀಟಿ ಬಿತ್ತು. ಜಿಗಿದ ನಾಯಕನಿಗೆ ಬೀಳಲಿಲ್ಲ. ಆಮೇಲೆ ಚಾಮರಾಜಪೇಟೆಯ ಯಾವ ಪಂಚರ್ ಅಂಗಡಿಯ ಮುಂದೆ ಮುನಿಸ್ವಾಮಿ ಹಾದುಹೋದರೂ "ಗಾಳಿ ತುಂಬ್ಸಿದೀನಿ ಸ್ವಾಮಿ!" ಎಂಬ ಕೂಗು ಬರತೊಡಗಿತು. ಇನ್ನೊಬ್ಬನಾಗಿದ್ದರೆ ನಾಚಿಕೊಳ್ಳುತ್ತಿದ್ದ. ಮುನಿಸ್ವಾಮಿ ಕೈ ಬೀಸುತ್ತಿದ್ದ. ಕ್ರಮೇಣ ಟ್ಯೂಬ್‌ಲೈಟಿನ ಕೆಳಗೂ ಕಪ್ಪು ಕನ್ನಡಕ ಬಂತು. "ನಮ್ ಇಂಡಸ್ಟ್ರೀಲಿ" ಎಂಬ ಮಾತು ಬಂತು. ದರ್ಶಿನಿಯಲ್ಲಿ ಖಾರಾಬಾತ್ ತಿನ್ನುತ್ತ, "ಸ್ಪೇಸಲ್ಲಿ ಶೂಟಿಂಗ್ ಮಾಡೋದು ಭೂಮೀಲಿ ಮಾಡಿದಂಗಲ್ಲ ಕಣ್ರೀ" ಎಂದು ಪಕ್ಕದವರಿಗೆ ವಿವರಿಸುವ ಅಭ್ಯಾಸವೂ ಬಂತು.

ಅವನ ಹೆಂಡತಿ ಲಕ್ಕಮ್ಮ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್. ದೊಡ್ಡಸ್ತಿಕೆಯನ್ನು ದಿನವೂ ಹತ್ತಿರದಿಂದ ಕಂಡವಳಾದ್ದರಿಂದ ಗಂಡನ ದೊಡ್ಡಸ್ತಿಕೆ ಅವಳನ್ನು ಅಷ್ಟಾಗಿ ತಟ್ಟಿರಲಿಲ್ಲ.

"ಫೋಟೋ ಕೇಳಿದಾರೆ ಲಕ್ಕು! ಪಾರ್ಟ್ ಟೂಗೆ!"

"ಕೇಳಿದ್ರೆ ಕೊಡಿ. ಹಾಗೇ ಬರ್ತಾ ಸೊಪ್ಪು ತಗೊಂಬನ್ನಿ."

ಲಕ್ಕಮ್ಮನಿಂದ ಸಿಗದ ಉತ್ಸಾಹ ರೇವಣಸಿದ್ದಯ್ಯನವರಿಂದ ಧಾರಾಳವಾಗಿ ಸಿಕ್ಕಿತು. ಇವರು ಬ್ಯಾಂಕಿನಿಂದ ನಿವೃತ್ತರಾದವರು, ಅದೇ ಬೀದಿಯ ಕಲಾಭಿಮಾನಿ ಗೆಳೆಯರ ಬಳಗದ ಸಂಸ್ಥಾಪಕ ಅಧ್ಯಕ್ಷರು. ಆ ಬಳಗದಲ್ಲಿ ಸದಸ್ಯರಿಗಿಂತ ಪದಾಧಿಕಾರಿಗಳೇ ಜಾಸ್ತಿ. ಸುದ್ದಿ ಕಿವಿಗೆ ಬಿದ್ದದ್ದೇ ತಡ ಸನ್ಮಾನದ ದಿನ ಗೊತ್ತು ಮಾಡಿದರು. "ಎರಡನೇ ಭಾಗದಲ್ಲೂ ಮಿಂಚಲಿರುವ ನಮ್ಮ ಪೇಟೆಯ ಹೆಮ್ಮೆ ಮುನಿಸ್ವಾಮಿ" ಎಂದು ಫ್ಲೆಕ್ಸು ಬರೆಸಿ ವೃತ್ತದಲ್ಲಿ ಕಟ್ಟಿಸಿದರು. ಫ್ಲೆಕ್ಸಿನಲ್ಲಿ ರೇವಣಸಿದ್ದಯ್ಯನವರ ಮುಖ ಬಾಗಿಲಿನಷ್ಟಿತ್ತು, ಮುನಿಸ್ವಾಮಿಯ ಮುಖ ಬಾಗಿಲಿನ ಚಿಲಕದಷ್ಟಿತ್ತು. ಆದರೂ ಆ ದಾರಿಯಲ್ಲಿ ಕೆಲಸವಿಲ್ಲದಿದ್ದರೂ ಮುನಿಸ್ವಾಮಿ ದಿನಕ್ಕೆ ನಾಲ್ಕು ಸಲ ಓಡಾಡಿದ.

ಫೋಟೋ ತೆಗೆಸಲು ಅವನು ಪಟ್ಟ ಸಂಭ್ರಮ ಮದುವೆಯಲ್ಲೂ ಪಟ್ಟಿರಲಿಲ್ಲ. ಕೂದಲಿಗೆ ಬಣ್ಣ ಹಾಕಿಸಿದ, ಮೀಸೆ ತಿದ್ದಿಸಿದ. ಸ್ಟುಡಿಯೋದವನು "ನಗಿ ಸಾರ್" ಎಂದರೆ, "ಇಲ್ಲಪ್ಪ, ಡೈರೆಕ್ಟ್ರು ಶಾಂತಿ ಕೇಳಿದಾರೆ" ಎಂದು ಉಸಿರು ಬಿಗಿಹಿಡಿದು ಶಾಂತನಾದ. ಫೋಟೋ ಮಲ್ಲೇಶ್ವರದ ಆಫೀಸಿಗೆ ಹೋಯಿತು. "ಸೂಪರ್ ಸರ್, ಹೀಗೇ ಬೇಕಿತ್ತು" ಎಂಬ ಉತ್ತರ ಬಂತು. ಆ ಉತ್ತರವನ್ನು ಹಾಲಿನವನಿಗೂ ತೋರಿಸಿದ್ದಾಯಿತು.

ಅದಾದ ಕೆಲ ದಿನಗಳ ಮೇಲೆ, ಮಧ್ಯಾಹ್ನ, ಕಂದು ಕಾಗದದಲ್ಲಿ ಸುತ್ತಿದ ದೊಡ್ಡ ಪಟವೊಂದನ್ನು ಬಗಲಲ್ಲಿಟ್ಟುಕೊಂಡು ಗಡ್ಡ ಬಿಟ್ಟ ಯುವಕನೊಬ್ಬ ಅಂಗಡಿಗೆ ಬಂದ. ಉಪ್ಪಾರಪೇಟೆಯ ಫೋಟೋ ಲ್ಯಾಬಿನಿಂದ ನೇರವಾಗಿ ಬಂದಿದ್ದನಂತೆ, ಬೆವರು ಇಳಿಯುತ್ತಿತ್ತು. ಹೆಸರು ಲಿಖಿತ್ ಎಂದ.

"ಅಂಕಲ್, ಹಾರದ ಫೋಟೋ. ಕಪ್ಪು ಫ್ರೇಮು, ಗಂಧದ ಹಾರ, ಮೇಲೊಂದು ಸಣ್ಣ ಬಲ್ಬು. ಅರ್ಜೆಂಟು."

ಮುನಿಸ್ವಾಮಿ ಕಪ್ಪು ಕನ್ನಡಕ ತೆಗೆದ. ಇಂಥ ಗಿರಾಕಿಗಳು ಬಂದಾಗ ದನಿ ತಗ್ಗಿಸುವುದು, ಎರಡು ಮಾತು ವಿಚಾರಿಸುವುದು ಅವನ ಕಸುಬಿನ ಪದ್ಧತಿ.

"ಮನೆಯವ್ರಾಪ್ಪ?"

"ಇಲ್ಲ ಅಂಕಲ್, ಆಫೀಸಿನ ಕಡೆಯವ್ರು."

"ಛೆ. ವಯಸ್ಸಾಗಿತ್ತಾ?"

"ಅಷ್ಟೇನಿಲ್ಲ ಅನ್ಸುತ್ತೆ. ಗಾಳಿ ಖಾಲಿಯಾಗಿ ಹೋಗ್ಬಿಟ್ರಂತೆ."

"ಪಾಪ. ಅಸ್ತಮಾ ಅಂದ್ರೆ ಹಂಗೇ. ಯಾವಾಗ ಹೋದ್ರು? ಕೆಳಗೆ ತಾರೀಖು ಬರೀಬೇಕಲ್ಲ."

"ತಾರೀಖು ಬೇಡ ಅಂಕಲ್. ಪಾರ್ಟ್ ಒನ್‌ಗೂ ಪಾರ್ಟ್ ಟೂಗೂ ಮಧ್ಯದಲ್ಲಿ."

ಅಷ್ಟರಲ್ಲಿ ಮುನಿಸ್ವಾಮಿಯ ಕೈ ಕಾಗದ ಬಿಚ್ಚಿಯಾಗಿತ್ತು. ಒಳಗಿನಿಂದ ಮುನಿಸ್ವಾಮಿಯೇ ಬಹಳ ಶಾಂತವಾಗಿ ಅವನನ್ನು ನೋಡುತ್ತಿದ್ದ.

ಲಿಖಿತ್ ಫೋಟೋ ನೋಡಿದ, ಎದುರಿಗಿದ್ದವನನ್ನು ನೋಡಿದ, ಮತ್ತೆ ಫೋಟೋ ನೋಡಿದ. "ಅಯ್ಯಯ್ಯೋ, ನೀವೇನಾ ಅಂಕಲ್! ಸಾರಿ, ಸಾರಿ. ನಾನು ಆರ್ಟ್ ಡಿಪಾರ್ಟ್‌ಮೆಂಟಿಗೆ ಹೊಸಬ. ಹಿಂದಿನವ್ರು ಈ ಅಂಗಡೀಲೇ ಮಾಡ್ಸು ಅಂದಿದ್ರು." ಆಮೇಲೆ ಸಮಾಧಾನ ಹೇಳುವ ಉತ್ಸಾಹದಲ್ಲಿ ಇನ್ನಷ್ಟು ಹೇಳಿದ. "ಸೀನ್ ಮಾತ್ರ ಸಖತ್ತಾಗಿದೆ ಅಂಕಲ್. ಹೀರೋ ಎದ್ದು ಬರ್ತಾರೆ, ನಿಮ್ ಫೋಟೋ ಮೇಲಿನ ಧೂಳು ಒರೆಸ್ತಾರೆ, 'ಗುಂಡಣ್ಣ ಇದ್ದಿದ್ರೆ' ಅಂತಾರೆ. ಅಷ್ಟೇ. ಕಟ್."

ಗುಂಡಣ್ಣ ಇದ್ದಾನೆ ಎಂದು ಹೇಳಲು ಮುನಿಸ್ವಾಮಿ ಬಾಯಿ ತೆರೆದ. ಅದೇ ಹೊತ್ತಿಗೆ, ಆಫೀಸಿಗೆ ರಜೆಯಿದ್ದುದರಿಂದ ತಾನೇ ಊಟದ ಡಬ್ಬಿ ತಂದ ಲಕ್ಕಮ್ಮ, ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಮೇಜಿನ ಮೇಲಿದ್ದ ಗಂಡನನ್ನೂ ಪಕ್ಕದಲ್ಲಿದ್ದ ಗಂಧದ ಹಾರವನ್ನೂ ನೋಡಿದಳು.

ಮುಂದೆ ನಡೆದದ್ದನ್ನು ಕೇಳಲು ಎದುರುಗಡೆಯ ಬ್ಯಾಂಡ್‌ಸೆಟ್ಟಿನವರು ಅಭ್ಯಾಸ ನಿಲ್ಲಿಸಿದರು.

"ಬದುಕಿರೋ ಗಂಡನ ಫೋಟೋಗೆ ಹಾರ ಹಾಕಿ ಬಲ್ಬ್ ಹಚ್ತೀರಾ? ಅದನ್ನ ಕರ್ನಾಟಕಕ್ಕೆಲ್ಲ ತೋರಿಸ್ತೀರಾ? ಏನಪ್ಪ, ನಿಮ್ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

"ಆಂಟಿ, ಅದು ಗುಂಡಣ್ಣನ ಫೋಟೋ, ಅಂಕಲ್‌ದಲ್ಲ."

"ಗುಂಡಣ್ಣನ ಮೂಗಿನ ಪಕ್ಕ ಇರೋ ನರೂಲಿ ಯಾರದಪ್ಪ ಹಂಗಾದ್ರೆ?"

"ಅಭಿರಾಮ್ ಸರ್‌ನ ಕೇಳಿ ಬರ್ತೀನಿ" ಎಂದು ಲಿಖಿತ್ ಪಟ ಅಲ್ಲೇ ಬಿಟ್ಟು ಓಡಿದ.

ಮುನಿಸ್ವಾಮಿಯ ಪೇಚಾಟ ಈಗ ಶುರುವಾಯಿತು. ಬದುಕಿರುವವರ ಫೋಟೋಗೆ ತಾನು ಹಾರ ಹಾಕಿಕೊಡುವುದಿಲ್ಲ ಎಂಬುದು ಅವನದೇ ನಿಯಮ. ತನ್ನ ಫೋಟೋಗೆ ಗಂಧದ ಹಾರ ಹಾಕಿದರೆ ಘನತೆಯಾಗಿ ಕಾಣುತ್ತದೆ ಎಂದು ಬಂದಿದ್ದ ಒಬ್ಬ ಮಾಜಿ ಕಾರ್ಪೊರೇಟರನ್ನೇ ಅವನು ಬುದ್ಧಿ ಹೇಳಿ ವಾಪಸು ಕಳಿಸಿದ್ದ. ಆದರೆ ಹಾರ ಬೇಡವೆಂದರೆ ಪಟವೂ ಇಲ್ಲ, ಪಟ ಇಲ್ಲವೆಂದರೆ ಎರಡನೇ ಭಾಗದಲ್ಲಿ ಅವನೂ ಇಲ್ಲ. ವೃತ್ತದಲ್ಲಿ ಫ್ಲೆಕ್ಸು ಗಾಳಿಗೆ ಪಟಪಟ ಎನ್ನುತ್ತಿತ್ತು. ಸತ್ತು ಸಿನಿಮಾದಲ್ಲಿರುವುದೋ, ಬದುಕಿ ಸಿನಿಮಾದಿಂದ ಹೊರಗಿರುವುದೋ? ಅವನು ತಟ್ಟೆಯಲ್ಲಿ ಅನ್ನ ಕಲಸುತ್ತ ಮೆಲ್ಲಗೆ, "ಫೋಟೋ ಆದ್ರೂ ಇರ್ತೀನಲ್ಲ ಲಕ್ಕು. ಅದೂ ದೊಡ್ಡ ಪರದೆ ಮೇಲೆ" ಎಂದ.

"ಇನ್ನೊಂದ್ಸಲ ಹೇಳಿ ನೋಡೋಣ," ಎಂದಳು ಲಕ್ಕಮ್ಮ. ಅವನು ಅನ್ನ ಬಾಯಿಗಿಟ್ಟುಕೊಂಡ.

ಮಾರನೇ ದಿನ ಲಕ್ಕಮ್ಮ ಅರ್ಧ ದಿನ ರಜೆ ಹಾಕಿದಳು. ಆಟೋದಲ್ಲಿ ಗಂಡ ಹೆಂಡತಿ ಕೂತ ಮೇಲೆ, "ಬಳಗದ ಮರ್ಯಾದೆ ಪ್ರಶ್ನೆ" ಎನ್ನುತ್ತ ರೇವಣಸಿದ್ದಯ್ಯನವರೂ ತೂರಿಕೊಂಡರು. ಮಲ್ಲೇಶ್ವರದಲ್ಲಿ ಪೂಜಾಸಾಮಗ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಅಭಿರಾಮನ ಆಫೀಸು. ಕೆಳಗಿನಿಂದ ಕರ್ಪೂರದ ವಾಸನೆ ಬರುತ್ತಿತ್ತು, ಗೋಡೆಯ ತುಂಬ ಗ್ರಹಗಳ ಚಿತ್ರ. ಚಡ್ಡಿ ಹಾಕಿಕೊಂಡಿದ್ದ ಅಭಿರಾಮ ಎದ್ದು ನಿಂತು ಕೈಮುಗಿದ.

"ಮುನಿಸ್ವಾಮಿ ಸರ್, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಇದು ನಿಮ್ಮೊಬ್ರಿಗೆ ಆಗಿದ್ದಲ್ಲ. ಸೈನ್ಸ್ ಫಿಕ್ಷನ್‌ನಲ್ಲಿ ಪಾರ್ಟ್ ಟೂ ಅಂದ್ರೆ ಪ್ರಪಂಚದಲ್ಲೆಲ್ಲ ಹೀಗೇ."

"ಹೀಗೇ ಅಂದ್ರೆ?" ಮುನಿಸ್ವಾಮಿ ಕುರ್ಚಿಯ ತುದಿಗೆ ಬಂದ.

ಅಭಿರಾಮನಿಗೆ ಇದು ಪ್ರೀತಿಯ ವಿಷಯ. ಅವನ ಕಣ್ಣು ಹೊಳೆಯಿತು. "ನೋಡಿ ಸರ್, ಫಸ್ಟ್ ಪಾರ್ಟ್‌ನಲ್ಲಿ ಜನಕ್ಕೆ ಏನೂ ಗೊತ್ತಿರಲ್ಲ. ಯಾರಾದ್ರೂ 'ಗಾಳಿ ತುಂಬ್ಸಿದೀನಿ' ಅಂದ್ರೇನೇ ಹೊರಗಡೆ ಗಾಳಿ ಇಲ್ಲ ಅಂತ ಗೊತ್ತಾಗೋದು. ಆ ಹೇಳೋ ಬಾಯಿ ನೀವು. ಸೆಕೆಂಡ್ ಪಾರ್ಟ್ ಹೊತ್ತಿಗೆ ಜನಕ್ಕೆ ಎಲ್ಲ ಗೊತ್ತಾಗಿರುತ್ತೆ. ಆ ಬಾಯಿಗೆ ಕೆಲಸ ಇರಲ್ಲ."

"ಕರೆಕ್ಟು, ಕರೆಕ್ಟು!" ಎಂದ ಮುನಿಸ್ವಾಮಿ, ತನ್ನ ಸಾವಿನ ಕಾರಣ ಕೇಳುತ್ತಿದ್ದೇನೆಂಬುದನ್ನು ಮರೆತು.

"ಆಮೇಲೆ ಗ್ರಾಫಿಕ್ಸು. ಹೋದ್ಸಲ ಒಂದೇ ಗ್ರಹ ಇತ್ತು, ಈ ಸಲ ಏಳು. ಗ್ರಹ ಜಾಸ್ತಿ ಆದಂಗೆ ಮನುಷ್ಯರು ಕಮ್ಮಿ ಆಗ್ಲೇಬೇಕು. ಸಿಲಿಂಡರ್ ಕೆಲಸಕ್ಕೆ ರೋಬೋಟ್ ಬಂದಿದೆ. ಅದಕ್ಕೆ ಊಟ ತಿಂಡಿ ಬೇಡ."

"ನಮ್ಮೋರು ಅಷ್ಟೊಂದು ತಿಂದ್ರಾ?" ಎಂದಳು ಲಕ್ಕಮ್ಮ.

"ಛೆ ಛೆ, ಹಾಗಲ್ಲ ಅಮ್ಮ. ಮುಖ್ಯ ಕಾರಣ ಬೇರೆ. ಹೀರೋಗೆ ಸಿಟ್ಟು ಬರ್ಬೇಕು. ಸಿಟ್ಟು ಬರ್ಬೇಕಂದ್ರೆ ಬೇಕಾದವ್ರು ಯಾರಾದ್ರೂ ಸಾಯ್ಬೇಕು. ಅಮ್ಮನ್ನ ಫಸ್ಟ್ ಪಾರ್ಟ್‌ನಲ್ಲೇ ಸಾಯಿಸಿಬಿಟ್ಟಿದೀನಿ. ಇನ್ನು ಉಳ್ದಿರೋದು ಗುಂಡಣ್ಣ ಒಬ್ರೇ."

"ಅಂದ್ರೆ ಕಥೆ ನಿಂತಿರೋದೇ ನನ್ ಸಾವಿನ ಮೇಲೆ!" ಎಂದು ಮುನಿಸ್ವಾಮಿ ಎದೆಯುಬ್ಬಿಸಿ ರೇವಣಸಿದ್ದಯ್ಯನವರ ಕಡೆ ನೋಡಿದ. ಅವರು ಗಂಭೀರವಾಗಿ ತಲೆಯಾಡಿಸಿ, "ಸಂತಾಪದ ಭಾಷಣ ಇದ್ರೆ ನಾನು ರೆಡಿ" ಎಂದರು.

ಲಕ್ಕಮ್ಮ ಇಬ್ಬರನ್ನೂ ಬಿಟ್ಟು ಅಭಿರಾಮನನ್ನೇ ನೋಡುತ್ತಿದ್ದಳು. ಸಾಹೇಬರು ಹೇಳುವ ಮೊದಲ ಮೂರು ಕಾರಣಗಳ ಹಿಂದೆ ನಾಲ್ಕನೆಯದೊಂದು ಇರುತ್ತದೆ ಎಂದು ಅವಳ ನೌಕರಿ ಅವಳಿಗೆ ಕಲಿಸಿತ್ತು. "ಹೀರೋ ಏನಂದ್ರು ಸಾರ್?" ಎಂದು ಕೇಳಿದಳು.

ಅಭಿರಾಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಏನೂ ಅಂದಿಲ್ಲ ಅಮ್ಮ. ಮೊದಲನೇ ಸ್ಕ್ರಿಪ್ಟ್‌ನಲ್ಲಿ ಗುಂಡಣ್ಣ ಇದ್ರು. ಓದ್ತಾ ಕೂತಿದ್ದಾಗ ಗುಂಡಣ್ಣನ ಡೈಲಾಗ್ ಬಂದಾಗೆಲ್ಲ ಸರ್‌ಗೆ ಕೆಮ್ಮು ಬಂತು."

"ಹೋದ್ಸಲ ಸೀಟಿ ಬಿದ್ದಿತ್ತಲ್ಲ, ಅದಕ್ಕೆ," ಎಂದಳು ಲಕ್ಕಮ್ಮ.

ಅಭಿರಾಮ ಎದುರಿಗಿದ್ದ ಸ್ಕ್ರಿಪ್ಟನ್ನು ಮಗುಚಿಟ್ಟ. ಗ್ರಹಗಳಿಗಾಗಿ, ರೋಬೋಟಿಗಾಗಿ, ನಾಯಕನ ಸಿಟ್ಟಿಗಾಗಿ ಸಾಯಲು ಮುನಿಸ್ವಾಮಿ ತಯಾರಾಗಿದ್ದ. ಕೆಮ್ಮಿಗಾಗಿ ಸಾಯುವುದು ಯಾಕೋ ರುಚಿಸಲಿಲ್ಲ.

"ಸಾರ್, ಒಂದು ಮಾತು," ಎಂದಳು ಲಕ್ಕಮ್ಮ. "ನಮ್ ಆಫೀಸಲ್ಲೂ ಬೇಡದವ್ರು ಬೇಕಾದಷ್ಟು ಜನ ಇರ್ತಾರೆ. ಹಂಗಂತ ಯಾರನ್ನೂ ಸಾಯಿಸಲ್ಲ. ಟ್ರಾನ್ಸ್‌ಫರ್ ಮಾಡ್ತೀವಿ."

ಮುನಿಸ್ವಾಮಿ ಕುರ್ಚಿಯಿಂದ ಎದ್ದೇಬಿಟ್ಟ.

"ಸರ್! ಬೀಳ್ಕೊಡುಗೆ ಫೋಟೋ! ವರ್ಗ ಆಗಿ ಹೋಗೋರಿಗೆ ಪೇಟ ಇಟ್ಟು, ಶಾಲು ಹೊದಿಸಿ, ಕತ್ತಿಗೆ ಹಾರ ಹಾಕಿ, ಸ್ಟಾಫೆಲ್ಲ ಕೂತು ಗ್ರೂಪ್ ಫೋಟೋ ತೆಗೆಸ್ತಾರಲ್ಲ? ಯಾವ ಆಫೀಸಿನ ಗೋಡೆ ಮೇಲಿಲ್ಲ ಹೇಳಿ! ಅದನ್ನ ಹಾಕಿ ಸರ್. ಹೀರೋ ಅದರ ಧೂಳೇ ಒರೆಸ್ಲಿ. ಹಾರ ಫ್ರೇಮಿನ ಮೇಲೆ ಬಿದ್ರೆ ತಾನೇ ತೊಂದ್ರೆ? ಕತ್ತಲ್ಲಿದ್ರೆ ಅದು ಮರ್ಯಾದೆ!"

ಅಭಿರಾಮ ಎರಡು ಕೈಯಲ್ಲೂ ತಲೆಗೂದಲು ಹಿಡಿದುಕೊಂಡ. ಅವನಿಗೆ ತಲೆನೋವು ಬಂತೇನೋ ಎಂದು ರೇವಣಸಿದ್ದಯ್ಯನವರು ಗಾಬರಿಯಾದರು. ಬಂದದ್ದು ಐಡಿಯಾ. "ಅಯ್ಯೋ ಸೂಪರ್ ಸರ್! ಬಾಹ್ಯಾಕಾಶ ನಿಲ್ದಾಣದಲ್ಲಿ ಸೆಂಡ್ ಆಫ್! ಪ್ರಪಂಚದಲ್ಲಿ ಯಾರೂ ಮಾಡಿಲ್ಲ! 'ಗುಂಡಣ್ಣನಿಗೆ ಶನಿಗ್ರಹಕ್ಕೆ ಟ್ರಾನ್ಸ್‌ಫರ್ ಆಯ್ತು. ಅವ್ರು ಇದ್ದಿದ್ರೆ...' ಹೀರೋಗೆ ದುಃಖಾನೂ ಆಯ್ತು, ಗುಂಡಣ್ಣ ಸತ್ತಂಗೂ ಆಗ್ಲಿಲ್ಲ. ಪಾರ್ಟ್ ತ್ರೀಗೆ ಬೇಕಂದ್ರೆ ವಾಪಸ್ ಹಾಕಿಸ್ಕೋಬೋದು!"

"ಪಾರ್ಟ್ ತ್ರೀ!" ಎಂದ ಮುನಿಸ್ವಾಮಿ.

"ಶನಿ ಬೇಡ," ಎಂದಳು ಲಕ್ಕಮ್ಮ.

"ಯಾಕಮ್ಮ? ಉಂಗುರ ಇರೋ ಗ್ರಹ, ನೋಡೋಕೆ ಚೆನ್ನಾಗಿದೆ..."

"ಉಂಗುರ ಇರ್ಲಿ, ಬಂಗಾರದ ಡಾಬೇ ಇರ್ಲಿ. ಈಗಷ್ಟೇ ಸಾಡೇಸಾತಿ ಮುಗ್ದಿದೆ. ನಾವಾಗೇ ಹೋಗಿ ಅವನ ಮನೇಲಿ ಕೂರೋದಾ? ಗುರುಗ್ರಹಕ್ಕೆ ಹಾಕಿ. ದೊಡ್ಡ ಗ್ರಹ, ಒಳ್ಳೆ ಗ್ರಹ."

ಗುಂಡಣ್ಣನಿಗೆ ಗುರುಗ್ರಹಕ್ಕೆ ವರ್ಗವಾಯಿತು. ಲಕ್ಕಮ್ಮನ ಇಲಾಖೆಯಲ್ಲಿ ಯಾರಿಗೂ ಇಷ್ಟು ಬೇಗ ಕೇಳಿದ ಜಾಗ ಸಿಕ್ಕಿದ್ದಿಲ್ಲ.

ಫೋಟೋ ತೆಗೆಯುವ ದಿನ ಬಿನ್ನಿಪೇಟೆಯ ಗೋಡೌನು ಮತ್ತೆ ಅಂತರಿಕ್ಷಕ್ಕೆ ಹೋಗಿತ್ತು. ಬೆಳ್ಳಿ ಗೋಡೆಯ ಮುಂದೆ ಕುರ್ಚಿಗಳ ಸಾಲು. ಹಿಂದೆ ನಿಲ್ದಾಣದ ಸಿಬ್ಬಂದಿ, ಅವರ ನಡುವೆ ಹೊಸ ರೋಬೋಟು. ಬೆಳ್ಳಿ ಉಡುಪು ಯಾರಿಂದಲೋ ಇಸಿದುಕೊಂಡು, ಜಿಪ್ಪು ಅರ್ಧಕ್ಕೇ ನಿಂತಿದ್ದರೂ ಲೆಕ್ಕಿಸದೆ, ರೇವಣಸಿದ್ದಯ್ಯನವರೂ ಎರಡನೇ ಸಾಲಿನಲ್ಲಿ ಗಗನಯಾತ್ರಿಯಾಗಿ ನಿಂತಿದ್ದರು. ಯಾರು ಕರೆದರೆಂದು ಯಾರಿಗೂ ಗೊತ್ತಿರಲಿಲ್ಲ. ಮುನಿಸ್ವಾಮಿ ಮೈಸೂರು ಪೇಟ, ಶಾಲು, ಮೊಣಕಾಲು ಮುಟ್ಟುವ ಸುಗಂಧರಾಜ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿಯೊಂದಿಗೆ ಬಂದ. ಬಂದವನು ಕುರ್ಚಿಗಳನ್ನು ನೋಡಿ ನಿಂತುಬಿಟ್ಟ.

ನಡುವಿನ ಕುರ್ಚಿಯಲ್ಲಿ ನಾಯಕ ಕೂತಿದ್ದ. ಗುಂಡಣ್ಣನಿಗೆಂದು ತೋರಿಸಿದ್ದು ತುದಿಯ ಕುರ್ಚಿಯನ್ನು, ರೋಬೋಟಿನ ಚಾರ್ಜರ್ ಪಕ್ಕದಲ್ಲಿ.

"ಕೂತ್ಕೊಳ್ಳಿ ಸರ್, ಲೇಟಾಗ್ತಿದೆ," ಎಂದ ಕ್ಯಾಮೆರಾದವನು.

ತೆಪ್ಪಗೆ ತುದಿಯಲ್ಲಿ ಕೂತರೆ ಪಾರ್ಟ್ ಟೂನಲ್ಲಿ ಇದ್ದಂತಾಯಿತು. ಒಂದು ಮಾತಾಡಿದರೆ ಮತ್ತೆ ಕೆಮ್ಮು ಬರಬಹುದು, ಗುರುಗ್ರಹದ ಆರ್ಡರು ಇಲ್ಲೇ ರದ್ದಾಗಬಹುದು. ಮುನಿಸ್ವಾಮಿ ಲಕ್ಕಮ್ಮನ ಕಡೆ ನೋಡಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸರ್, ತಪ್ಪು ತಿಳ್ಕೋಬೇಡಿ," ಎಂದ ಮುನಿಸ್ವಾಮಿ ನಾಯಕನಿಗೆ. "ಇಂಥ ಫೋಟೋಗಳಿಗೆ ನಾನು ಕಟ್ಟು ಹಾಕಿದ್ದಕ್ಕೆ ಲೆಕ್ಕ ಇಲ್ಲ. ಇದರಲ್ಲಿ ಹೋಗೋರು ನಡುವೆ ಕೂರ್ತಾರೆ. ಇರೋರು ಪಕ್ಕದಲ್ಲಿ ಕೂರ್ತಾರೆ. ಸಾಹೇಬ್ರೇ ಆಗಿದ್ರೂ ಪಕ್ಕದಲ್ಲೇ. ನೀವು ನಡುವೆ ಕೂತ್ರೆ ಜನ ನಿಮಗೇ ವರ್ಗ ಆಯ್ತು ಅಂದ್ಕೋತಾರೆ."

ನಾಯಕ ಕೆಮ್ಮಿದ. ಗೋಡೌನಿನಲ್ಲಿದ್ದವರೆಲ್ಲ ಅಭಿರಾಮನನ್ನು ನೋಡಿದರು. ಅಭಿರಾಮ ಮೇಲ್ಛಾವಣಿ ನೋಡಿದ. ಆಮೇಲೆ ಹೇಗೋ ಧೈರ್ಯ ತಂದುಕೊಂಡು, "ಸರ್, ಇವ್ರು ಹೇಳ್ತಿರೋದು ಕರೆಕ್ಟು. ಪಾರ್ಟ್ ಟೂನಲ್ಲಿ ನೀವಿಲ್ಲ ಅಂತ ಅರ್ಥ ಆಗ್ಬಿಡುತ್ತೆ" ಎಂದ.

ನಾಯಕ ಸ್ಪ್ರಿಂಗು ಸಿಡಿದಂತೆ ಎದ್ದು ಪಕ್ಕದ ಕುರ್ಚಿಗೆ ಹೋದ.

ಮುನಿಸ್ವಾಮಿ ನಡುವಿನ ಕುರ್ಚಿಯಲ್ಲಿ ಕೂತ. ಶಾಲು ಸರಿಮಾಡಿಕೊಂಡ, ಹಣ್ಣಿನ ಬುಟ್ಟಿಯನ್ನು ನಾಯಕನ ಕೈಗೆ ಕೊಟ್ಟು, "ಒಂಚೂರು ಹಿಡ್ಕೊಂಡಿರಿ ಸರ್" ಎಂದ. ನಾಯಕ ಹಿಡಿದುಕೊಂಡ.

"ಎಲ್ಲಾರೂ ಸ್ವಲ್ಪ ಬೇಜಾರಾಗಿ! ಗುಂಡಣ್ಣ ನಿಲ್ದಾಣ ಬಿಟ್ಟು ಹೋಗ್ತಿದಾರೆ!" ಎಂದು ಕ್ಯಾಮೆರಾದವನು ಕೂಗಿದ. ನಾಯಕನ ಮುಖದಲ್ಲಿ ಬೇಜಾರು ಚೆನ್ನಾಗಿ ಬಂತು, ಅಭಿನಯವೇ ಬೇಕಾಗಲಿಲ್ಲ. ರೇವಣಸಿದ್ದಯ್ಯನವರು ಕರವಸ್ತ್ರ ಕಣ್ಣಿಗೆ ಒತ್ತಿಕೊಂಡರು. ಬೇಜಾರು ಬಾರದೆ ಹೋದದ್ದು ಹೋಗುವವನ ಮುಖದಲ್ಲಿ ಮಾತ್ರ. ಕಿವಿಯಿಂದ ಕಿವಿಯವರೆಗೆ ಹರಡಿಕೊಂಡ ಆ ಮುಖವನ್ನು ಮುನಿಸ್ವಾಮಿ ಎಷ್ಟು ಎಳೆದು ಕೂರಿಸಿದರೂ ಅದು ಮತ್ತೆ ಹರಡಿಕೊಳ್ಳುತ್ತಿತ್ತು.

"ಸರ್, ಪ್ಲೀಸ್, ನೀವೂ ಸ್ವಲ್ಪ ಬೇಜಾರು ತೋರ್ಸಿ. ಟ್ರಾನ್ಸ್‌ಫರ್ ಆಗ್ತಿದೆ ನಿಮ್ಗೆ!"

"ಟ್ರೈ ಮಾಡ್ತಿದೀನಿ ಕಣಪ್ಪ, ಬರ್ತಿಲ್ಲ."

"ಕೇಳಿದ ಜಾಗಕ್ಕೆ ವರ್ಗ ಆದೋರಿಗೆ ಎಲ್ಲಿಂದ ಬೇಜಾರು ಬರುತ್ತೆ?" ಎಂದಳು ಲಕ್ಕಮ್ಮ ಕ್ಯಾಮೆರಾದ ಹಿಂದಿನಿಂದ. "ಹೊಡೀಪ್ಪ ಫೋಟೋನ."

ಅವನು ಹೊಡೆದ.